ಗೋಡೆ ಹಿಡಿದ ವರ್ಣತಂತುಗಳು

ಹತ್ತನೆಯ ತರಗತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು ಮರೆತುಬಿಟ್ಟ ಒಂದು ವಾಕ್ಯವಿದೆ: ಮಿಯೋಸಿಸ್‌ನಲ್ಲಿ ಜೋಡಿ ವರ್ಣತಂತುಗಳು ಹತ್ತಿರ ಬಂದು ಕೂಡುತ್ತವೆ. ಡೊಂಬಿವಲಿಯಲ್ಲಿ ಮಹಾರಾಷ್ಟ್ರ ಬೋರ್ಡಿನ ಪುಸ್ತಕ ಹಿಡಿದವರಿರಲಿ, ಧಾರವಾಡದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರಿರಲಿ, ನೋಡಿದ ಚಿತ್ರ ಒಂದೇ. ಒಂದು ದುಂಡನೆಯ ಗೆರೆ, ಅದರೊಳಗೆ ಕೆಂಪು ನೀಲಿ ಬಣ್ಣದ ನಾಲ್ಕು ತುಂಡುಗಳು. ಮುಂದಿನ ಚಿತ್ರದಲ್ಲಿ ಕೆಂಪು ತುಂಡು ತನ್ನ ಅಳತೆಯ ನೀಲಿಯ ಪಕ್ಕ ಬಂದು ನಿಂತಿರುತ್ತದೆ. ಹೇಗೆ ಬಂತು ಎಂದು ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೇಳಬೇಕಿತ್ತು. ನಮ್ಮ ಬಹುತೇಕ ಜೀವಕೋಶಗಳಲ್ಲಿ 46 ವರ್ಣತಂತುಗಳಿವೆ. 23 ಅಮ್ಮನ ಕಡೆಯವು, 23 ಅಪ್ಪನ ಕಡೆಯವು. ಅಂಡ ಅಥವಾ ವೀರ್ಯಾಣು ತಯಾರಾಗುವಾಗ ಈ ಸಂಖ್ಯೆ ಅರ್ಧಕ್ಕೆ ಇಳಿಯಬೇಕು, ಇಲ್ಲವಾದರೆ ತಲೆಮಾರಿನಿಂದ ತಲೆಮಾರಿಗೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಹೀಗೆ ಅರ್ಧಕ್ಕಿಳಿಸುವ ವಿಭಜನೆಯೇ ಮಿಯೋಸಿಸ್. ಹಂಚಿಕೆಗೆ ಮುಂಚೆ ಅಮ್ಮನ ಕಡೆಯ ಒಂದನೆಯ ತಂತು ಅಪ್ಪನ ಕಡೆಯ ಒಂದನೆಯದನ್ನು, ಎರಡನೆಯದು ಎರಡನೆಯದನ್ನು ಹುಡುಕಿ ಉದ್ದಕ್ಕೂ ಅಂಟಿ ನಿಲ್ಲಬೇಕು. ಆಗ ಅವು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣನಿಗೆ ಅಜ್ಜನ ಮೂಗು, ತಂಗಿಗೆ ಅಜ್ಜಿಯ ಗುಂಗುರು ಕೂದಲು ಬರುವುದರ ಹಿಂದೆ ಈ ಅದಲುಬದಲಿನ ಪಾಲು ದೊಡ್ಡದು.

ಆದರೆ ಹುಡುಕುವ ಜಾಗ ಎಂಥದು ನೋಡಿ. ಕೋಶಕೇಂದ್ರದ, ಅಂದರೆ ನ್ಯೂಕ್ಲಿಯಸ್ಸಿನ ಅಗಲ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಆಸುಪಾಸು. ಅದರೊಳಗೆ ತುಂಬಿರುವ ಡಿಎನ್‌ಎ ಎಳೆಗಳನ್ನೆಲ್ಲ ಬಿಡಿಸಿ ಸಾಲಾಗಿ ಇಟ್ಟರೆ ಸುಮಾರು ಎರಡು ಮೀಟರ್. ಈ ಇಕ್ಕಟ್ಟಿನಲ್ಲಿ ಒಂದು ತಂತು ಉಳಿದ 45ರಲ್ಲಿ ತನ್ನದೇ ಜೊತೆಗಾರನನ್ನು ಹುಡುಕಬೇಕು. ಎರಡು ಡಿಎನ್‌ಎ ಎಳೆಗಳು ಒಂದನ್ನೊಂದು ಗುರುತಿಸಬೇಕಾದರೆ ಮೈಗೆ ಮೈ ತಾಗುವಷ್ಟು ಹತ್ತಿರ ಇರಬೇಕು. ದೂರದಿಂದ ಸೆಳೆಯುವ ಶಕ್ತಿ ಅವಕ್ಕಿಲ್ಲ. ‘ಪರಸ್ಪರ ಆಕರ್ಷಿತವಾಗುತ್ತವೆ’ ಎಂದು ಬರೆದು ಮುಗಿಸುವ ಪುಸ್ತಕಗಳು ಪ್ರಶ್ನೆಯನ್ನೇ ಉತ್ತರವೆಂದು ಹಿಂದಿರುಗಿಸಿವೆ, ಅಷ್ಟೆ.

ಹೂಗುಚ್ಛ

ಮೊದಲ ಸುಳಿವು ಸಿಕ್ಕಿದ್ದು 1900ರಲ್ಲಿ. ಗುಸ್ತಾವ್ ಐಸೆನ್ ಎಂಬ ವಿಜ್ಞಾನಿ ಬ್ಯಾಟ್ರಕೋಸೆಪ್ಸ್ ಎಂಬ ಸಾಲಮಾಂಡರಿನ ವೃಷಣದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ. ಮಿಯೋಸಿಸ್‌ಗೆ ಅಣಿಯಾಗುವ ಕೋಶಕೇಂದ್ರದಲ್ಲಿ ವರ್ಣತಂತುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರಲಿಲ್ಲ. ಎಲ್ಲದರ ತುದಿಗಳೂ ಒಂದೇ ಮೂಲೆಯಲ್ಲಿ ಪೊರೆಗೆ ಒತ್ತಿಕೊಂಡು ಸೇರಿದ್ದವು. ನಡುಭಾಗಗಳು ಕುಣಿಕೆ ಕುಣಿಕೆಯಾಗಿ ಎದುರು ದಿಕ್ಕಿಗೆ ಚಾಚಿದ್ದವು. ಐಸೆನ್ ಅದನ್ನು ‘ಬೊಕೆ’ ಎಂದು ಕರೆದ. ಜೀವಶಾಸ್ತ್ರಜ್ಞರು ಇಂದಿಗೂ ಹಾಗೇ ಕರೆಯುತ್ತಾರೆ. ನಾವು ಹೂಗುಚ್ಛ ಎನ್ನೋಣ. ಈ ಗುಚ್ಛ ಆಮೇಲೆ ಹುಳು, ಇಲಿ, ಮನುಷ್ಯ, ಜೋಳ, ಗೋಧಿ, ಯೀಸ್ಟ್‌ಗಳಲ್ಲೂ ಕಂಡಿತು. ಇಷ್ಟು ದೂರದ ಬಳಗಗಳಲ್ಲಿ ಒಂದೇ ವರ್ತನೆ ಉಳಿದು ಬಂದಿದೆಯೆಂದರೆ ಅದಕ್ಕೆ ಏನೋ ಕೆಲಸ ಇದ್ದೇ ಇರಬೇಕು.

ಕಲ್ಯಾಣದ ಆಚೆ ರೈಲು ಹಳಿಯ ಬದಿಯಲ್ಲಿ ಎಕ್ಕೆ ಗಿಡ ಕಂಡರೆ ಒಂದು ಕ್ಷಣ ನಿಂತು ನೋಡಿ. ಅದರ ಎಲೆ ಮೇಯುವ, ಹಳದಿ ಮೈಮೇಲೆ ನೀಲಿ ಪಟ್ಟೆಯ ಮಿಡತೆಯೊಂದು ಇದ್ದೀತು. ಪೀಕಿಲೋಸೆರಸ್ ಪಿಕ್ಟಸ್ ಅದರ ಶಾಸ್ತ್ರೀಯ ಹೆಸರು. ಭಾರತದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹಳೆಯ ಪರಿಚಯ. ಎಷ್ಟೋ ಜನ ಮಿಯೋಸಿಸ್ಸನ್ನು ಕಣ್ಣಾರೆ ಕಂಡದ್ದು ಇದರ ವೃಷಣದಲ್ಲೇ. ಗಂಡು ಮಿಡತೆಗೆ 19 ವರ್ಣತಂತು: ಒಂಬತ್ತು ಜೋಡಿ ಮತ್ತು ಜೊತೆಯೇ ಇಲ್ಲದ ಒಂಟಿ ಎಕ್ಸ್. ತಂತುಗಳು ದಪ್ಪ, ಎಣಿಕೆ ಕಡಿಮೆ, ಎಲ್ಲ ಸಲೀಸು. ಆದರೂ ಪ್ರಾಕ್ಟಿಕಲ್ ಮಾಡಿದವರಿಗೆ ಪೊರೆಯ ನೆನಪಿಲ್ಲ. ಕಾರಣ ಸರಳ. ಬಣ್ಣ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಹೆಬ್ಬೆಟ್ಟಿನಿಂದ ಒತ್ತಿದಾಗ ಕೋಶ ಚಪ್ಪಟೆಯಾಗುತ್ತದೆ. ತಂತುಗಳು ಚೆನ್ನಾಗಿ ಹರಡಿ ಕಾಣುತ್ತವೆ, ಅವು ಯಾವುದಕ್ಕೆ ಕಟ್ಟಿಕೊಂಡಿದ್ದವು ಎಂಬುದು ಕೆಡುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ದುಂಡು ಗೆರೆ ಬರೀ ಬೇಲಿಯಾಗಿ ಉಳಿದದ್ದಕ್ಕೆ ಈ ಹೆಬ್ಬೆಟ್ಟೂ ಸ್ವಲ್ಪ ಕಾರಣವೆಂದು ನನ್ನ ಗುಮಾನಿ.

ಥಾಣೆ ಸ್ಟೇಷನ್ನಿನ ಸೇತುವೆ

ಸಂಜೆ ಏಳು ಗಂಟೆಗೆ ಥಾಣೆ ಸ್ಟೇಷನ್. ಇಬ್ಬರು ಅಕ್ಕತಂಗಿಯರು ಬೇರೆ ಬೇರೆ ಲೋಕಲ್‌ನಿಂದ ಇಳಿದಿದ್ದಾರೆ. ಇಬ್ಬರ ಮೊಬೈಲಿನ ಚಾರ್ಜೂ ಮುಗಿದಿದೆ. ಪಾದಚಾರಿ ಸೇತುವೆಯ ಜನಸಾಗರದ ನಡುವೆ ಒಬ್ಬರನ್ನೊಬ್ಬರು ಹುಡುಕುತ್ತಾ ತಿರುಗಿದರೆ ಎರಡು ಮಾರು ದೂರದಲ್ಲೇ ದಾಟಿಹೋದರೂ ಗೊತ್ತಾಗದು. ಬದಲಿಗೆ ಇಬ್ಬರೂ ಜನರ ನಡುವಿನಿಂದ ಸರಿದು ಒಂದೇ ಕಡೆಯ ಕಟಕಟೆ ಹಿಡಿದು, ಅದರ ಗುಂಟ ಹಿಂದೆ ಮುಂದೆ ನಡೆಯುತ್ತಿದ್ದರೆ? ಈಗ ಇಡೀ ಸೇತುವೆಯನ್ನು ಜಾಲಾಡಬೇಕಿಲ್ಲ, ಒಂದು ಅಂಚನ್ನು ನೋಡಿದರೆ ಸಾಕು. ಇವತ್ತಲ್ಲ ನಾಳೆ ಎನ್ನದೆ, ಹತ್ತು ನಿಮಿಷದಲ್ಲಿ ಎದುರುಬದುರಾಗುತ್ತಾರೆ.

ವರ್ಣತಂತುಗಳು ಮಾಡುವುದು ಇದನ್ನೇ. ತಮ್ಮ ಎರಡೂ ತುದಿಗಳನ್ನು ಕೋಶಕೇಂದ್ರದ ಪೊರೆಯ ಒಳಮೈಗೆ ಅಂಟಿಸಿಕೊಳ್ಳುತ್ತವೆ. ಅಲ್ಲಿಗೆ ಹುಡುಕಾಟ ಮೂರು ಆಯಾಮದ ಒಳಾವರಣದಿಂದ ಎರಡು ಆಯಾಮದ ಗೋಡೆಗೆ ಇಳಿಯುತ್ತದೆ. ತುದಿಗಳೆಲ್ಲ ಒಂದೇ ಮೂಲೆಗೆ ಸರಿದಾಗ ಗೋಡೆಯಲ್ಲೂ ಒಂದು ಸಣ್ಣ ತುಂಡಷ್ಟೇ ಉಳಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ತುದಿ ತುದಿಗೆ ತಾಗಿದ್ದರೆ ಎರಡು ತಂತುಗಳ ಭಾಗಗಳು ಕ್ರಮವಾಗಿ ಎದುರುಬದುರು ಬರುತ್ತವೆ. ತುದಿಯಿಂದ ಶುರುವಾದ ಕೂಡಿಕೆ ಒಳಗಿನವರೆಗೆ ಸಾಗಬಹುದು.

ಅಕ್ಕತಂಗಿಯರಿಗೆ ಕಾಲಿವೆ, ತಂತುಗಳಿಗಿಲ್ಲ. ಅವನ್ನು ನಡೆಸುವ ಎಂಜಿನ್ ಗೋಡೆಯ ಆಚೆಗಿದೆ. ಅದಕ್ಕೆ ಮುಂಚೆ, ಅಂಟಿಕೊಳ್ಳುವುದು ಹೇಗೆಂದು ನೋಡೋಣ.

ತುದಿಕಟ್ಟು

ಪ್ರತಿ ವರ್ಣತಂತುವಿನ ಕೊನೆಯಲ್ಲಿ ಒಂದೇ ಬಗೆಯ ಆರಕ್ಷರದ ಸಂದೇಶ ಸಾವಿರಾರು ಅಕ್ಷರಗಳುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಇದೇ ಟೆಲೊಮಿಯರ್, ನಮ್ಮ ಮಾತಿನಲ್ಲಿ ತುದಿಕಟ್ಟು. ವಯಸ್ಸಾದಂತೆ ಇದು ಸವೆಯುತ್ತದೆಂದು ಪತ್ರಿಕೆಗಳಲ್ಲಿ ಓದಿರುತ್ತೀರಿ; ಇದು ವರ್ಣತಂತುವನ್ನು ಹೇಗೆ ಕಾಯುತ್ತದೆಂದು ಬಿಡಿಸಿ ಹೇಳಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರಲ್ ಗ್ರೈಡರ್, ಜಾಕ್ ಶೋಸ್ಟಾಕ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಎಲ್ಲ ಕೋಶಗಳಲ್ಲೂ ತುದಿಕಟ್ಟಿನ ಸುತ್ತ ಶೆಲ್ಟರಿನ್ ಎಂಬ ಕಾವಲು ಪ್ರೋಟೀನುಗಳ ಗುಂಪು ಕುಳಿತಿರುತ್ತದೆ. ಡಿಎನ್‌ಎಯ ತುದಿ ಕತ್ತರಿಸಿದ ಗಾಯದಂತೆ ಕೋಶಕ್ಕೆ ಕಾಣಬಾರದು, ಅದಕ್ಕಾಗಿ ಈ ಕಾವಲು.

ಮಿಯೋಸಿಸ್‌ಗೆ ಹೊರಟ ಕೋಶದಲ್ಲಿ ಇದರ ಜೊತೆಗೆ ಮೂರು ಹೊಸ ಪ್ರೋಟೀನುಗಳು ತಯಾರಾಗುತ್ತವೆ: ಟರ್ಬ್-1, ಟರ್ಬ್-2, ಮಾಜಿನ್. ಹಿರೊಕಿ ಶಿಬುಯ ಮತ್ತು ಸಂಗಡಿಗರು ಇಲಿಗಳಲ್ಲಿ ಇವುಗಳ ಕೆಲಸವನ್ನು 2014 ಮತ್ತು 2015ರಲ್ಲಿ ವಿವರಿಸಿದರು. ಮಾಜಿನ್‌ನ ಬಾಲ ಪೊರೆಯಲ್ಲಿ ಹೂತಿರುತ್ತದೆ, ತಲೆ ಕೋಶಕೇಂದ್ರದೊಳಕ್ಕೆ ಚಾಚಿರುತ್ತದೆ. ಆ ತಲೆಯನ್ನು ಟರ್ಬ್-2 ಹಿಡಿಯುತ್ತದೆ, ಟರ್ಬ್-2ನ್ನು ಟರ್ಬ್-1 ಹಿಡಿಯುತ್ತದೆ, ಟರ್ಬ್-1 ಹೋಗಿ ಶೆಲ್ಟರಿನ್ ಗುಂಪಿನ ಒಂದು ಪ್ರೋಟೀನನ್ನು ಹಿಡಿಯುತ್ತದೆ. ಹೀಗೆ ಕೈ ಕೈ ಹಿಡಿದು ತುದಿಕಟ್ಟು ಪೊರೆಗೆ ಬಂದು ಸೇರುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಸಾಧಾರಣ ಗಂಟು. ಆದರೆ ಸ್ವಲ್ಪ ಹೊತ್ತಿನ ಮೇಲೆ ಶೆಲ್ಟರಿನ್ ಅಕ್ಕಪಕ್ಕಕ್ಕೆ ಸರಿದು, ಈ ಮೂವರ ಗುಂಪೇ ಡಿಎನ್‌ಎ ತುದಿಯನ್ನು ನೇರವಾಗಿ ಹಿಡಿದುಕೊಳ್ಳುತ್ತದೆ. ಕಾವಲುಗಾರ ಪಕ್ಕಕ್ಕೆ, ಕಟ್ಟುವವನು ಮುಂದಕ್ಕೆ. ಮುಂದೆ ಈ ತುದಿಯ ಮೇಲೆ ಬೀಳಲಿರುವ ಎಳೆತಕ್ಕೆ ಮಧ್ಯವರ್ತಿಯ ಮೂಲಕ ಹಿಡಿದ ಹಿಡಿತ ಸಾಲದು ಎಂದು ತೋರುತ್ತದೆ.

ಬೆಂಗಳೂರಿನಲ್ಲಿ ಕಂಡ ಬೇರೆ ಗೋಡೆ

ಗಂಟು ಹಾಕುವ ಗೋಡೆಯೂ ಮಾಮೂಲಿ ಗೋಡೆಯಲ್ಲ. ಕೋಶಕೇಂದ್ರದ ಪೊರೆಗೆ ಒಳಗಡೆಯಿಂದ ಲ್ಯಾಮಿನ್ ಎಂಬ ಪ್ರೋಟೀನುಗಳ ಜಾಲರಿ ಆಸರೆ ಕೊಟ್ಟಿರುತ್ತದೆ. ಚರ್ಮ, ಸ್ನಾಯುಗಳಂಥ ಕೋಶಗಳಲ್ಲಿ ಈ ಜಾಲರಿ ಗಡುಸು.

ಇಲ್ಲಿ ಕನ್ನಡ ನೆಲದ ಒಂದು ಕೆಲಸವನ್ನು ನೆನೆಯಬೇಕು. ಮೈಸೂರಿನಲ್ಲಿ ಹುಟ್ಟಿದ ಎಂ.ಆರ್.ಎಸ್. ರಾವ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಲಿಯ ವೃಷಣದ ಕೋಶಗಳ ಮೇಲೆ ವರ್ಷಗಟ್ಟಲೆ ದುಡಿದವರು; ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು, 2010ರಲ್ಲಿ ಪದ್ಮಶ್ರೀ ಪಡೆದರು, 2023ರಲ್ಲಿ ತೀರಿಕೊಂಡರು. 1987ರಲ್ಲಿ ಅವರ ತಂಡ ಇಲಿಯಲ್ಲಿ ಮಿಯೋಸಿಸ್‌ನ ಮೊದಲ ಘಟ್ಟದಲ್ಲಿ ಕಾಣಿಸಿಕೊಳ್ಳುವ ಒಂದು ಪ್ರೋಟೀನನ್ನು ಗುರುತಿಸಿತು. ಮುಂದಿನ ಕೆಲಸದಲ್ಲಿ ಅದನ್ನು ಸಂತಾನಕೋಶಗಳಿಗೇ ಮೀಸಲಾದ ಲ್ಯಾಮಿನ್ ಎಂದು ವಿವರಿಸಿದರು. ಮೈಯ ಬೇರೆ ಕೋಶಗಳಲ್ಲಿ ಇಲ್ಲದ ಗೋಡೆಯ ಸಾಮಗ್ರಿ ಇಲ್ಲಿ ಯಾಕೆ ಬೇಕು ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಉತ್ತರದ ದೊಡ್ಡ ತುಂಡು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಸಿಕ್ಕಿತು. ಮಿಯೋಸಿಸ್‌ನ ಕೋಶಗಳಲ್ಲಿ ಮಾಮೂಲಿ ಲ್ಯಾಮಿನ್‌ಗಳಲ್ಲಿ ಕೆಲವು ಇರುವುದಿಲ್ಲ. ಬದಲಿಗೆ ಸಿ-2 ಎಂಬ ಮೊಟಕಾದ ಲ್ಯಾಮಿನ್ ಬರುತ್ತದೆ. ಅದು ಪೊರೆಯ ತುಂಬ ಹರಡಿರದೆ, ವರ್ಣತಂತುವಿನ ತುದಿ ಅಂಟಿದ ಜಾಗಗಳಲ್ಲೇ ಒತ್ತಾಗಿ ಸೇರಿರುತ್ತದೆಂದು ಆಲ್ಸ್‌ಹೈಮರ್, ಬೆನವೆಂತೆ ಮತ್ತು ಸಂಗಡಿಗರು ಇಲಿಯಲ್ಲಿ 1999ರಲ್ಲಿ ತೋರಿಸಿದರು. ಸಿ-2 ಇಲ್ಲದ ಇಲಿಗಳಲ್ಲಿ ತುದಿಗಳು ಅಂಟುತ್ತವೆ, ಆದರೆ ಅವುಗಳ ಓಡಾಟ ಮಂದವಾಗುತ್ತದೆ, ಕೂಡಿಕೆ ಕೆಡುತ್ತದೆ, ಗಂಡುಗಳಿಗೆ ಮರಿಯಾಗುವುದಿಲ್ಲ. ತುದಿಗಳು ಪೊರೆಯ ಮೇಲೆ ಜಾರಿ ಓಡಾಡಬೇಕಾದರೆ ಗೋಡೆ ಸ್ವಲ್ಪ ಮೆತ್ತಗಿರಬೇಕು.

ಗೋಡೆಯಾಚೆಯ ಎಂಜಿನ್

ಈಗ ನಡೆಸುವವರ ವಿಚಾರ. ಕೋಶಕೇಂದ್ರದ ಪೊರೆ ಒಂದಲ್ಲ, ಎರಡು. ನಡುವೆ ಕಿರಿದಾದ ಒಂದು ಸಂದಿ. ಒಳಪೊರೆಯಲ್ಲಿ ನಾಟಿರುವ ಸನ್-1 ಎಂಬ ಪ್ರೋಟೀನಿನ ಒಂದು ಕೊನೆ ಕೋಶಕೇಂದ್ರದೊಳಗೆ ತುದಿಕಟ್ಟಿನ ಗುಂಪನ್ನು ಹಿಡಿದರೆ, ಇನ್ನೊಂದು ಕೊನೆ ಸಂದಿಯೊಳಕ್ಕೆ ಚಾಚುತ್ತದೆ. ಹೊರಪೊರೆಯಲ್ಲಿ ನಾಟಿರುವ ಕ್ಯಾಶ್-5 ತನ್ನ ಬಾಲವನ್ನು ಅದೇ ಸಂದಿಗೆ ಇಳಿಬಿಟ್ಟು ಸನ್-1ರ ಕೈ ಹಿಡಿಯುತ್ತದೆ. ಅಲ್ಲಿಗೆ ಒಳಗಿನ ವರ್ಣತಂತುವಿನಿಂದ ಹೊರಗಿನ ಕೋಶರಸದವರೆಗೆ ಎರಡು ಗೋಡೆ ದಾಟಿದ ಒಂದೇ ಕೊಂಡಿ ಸಿದ್ಧ. ಪೊರೆ ಎಲ್ಲೂ ಹರಿಯಲಿಲ್ಲ, ತೂತೂ ಆಗಲಿಲ್ಲ.

ಕ್ಯಾಶ್-5ರ ಹೊರತಲೆ ಹಿಡಿಯುವುದು ಡೈನೀನ್ ಎಂಬ ಎಳೆಗಾರ ಪ್ರೋಟೀನನ್ನು. ಕೋಶದ ತುಂಬ ಹಾಸಿರುವ ಸೂಕ್ಷ್ಮನಳಿಕೆಗಳ ಮೇಲೆ ಇದು ಹೆಜ್ಜೆಯಿಟ್ಟು ನಡೆಯುತ್ತದೆ, ಯಾವಾಗಲೂ ನಳಿಕೆಗಳೆಲ್ಲ ಹೊರಡುವ ಬುಡದ ಕಡೆಗೆ. ಬುಡ ಕೋಶಕೇಂದ್ರದ ಒಂದು ಪಕ್ಕದಲ್ಲಿರುವುದರಿಂದ ಎಲ್ಲ ತುದಿಗಳೂ ಅತ್ತಲೇ ಎಳೆಯಲ್ಪಡುತ್ತವೆ. ಐಸೆನ್ ಕಂಡ ಹೂಗುಚ್ಛದ ಗುಟ್ಟು ಇದು.

ಡೈನೀನ್ ಬಗ್ಗೆ ಜಗತ್ತು ತಿಳಿದಿರುವುದರಲ್ಲಿ ಮುಂಬಯಿಯ ಪಾಲು ಗಣನೀಯ. ರೂಪ್ ಮಲ್ಲಿಕ್ ಅಮೆರಿಕದಲ್ಲಿದ್ದಾಗ, 2004ರಲ್ಲಿ, ಸಂಗಡಿಗರೊಂದಿಗೆ ಒಂದು ವಿಚಿತ್ರವನ್ನು ವರದಿ ಮಾಡಿದರು. ಹೊರೆಯಿಲ್ಲದಾಗ ಡೈನೀನ್ 24ರಿಂದ 32 ನ್ಯಾನೋಮೀಟರಿನ ದಾಪುಗಾಲು ಹಾಕುತ್ತದೆ. ಹೊರೆ ಏರಿದಂತೆ ಹೆಜ್ಜೆ 8 ನ್ಯಾನೋಮೀಟರಿಗೆ ಇಳಿಯುತ್ತದೆ. ಮುಂದೆ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅವರ ತಂಡ, ಈ ಗುಣದಿಂದಲೇ ಡೈನೀನ್‌ಗಳು ಗುಂಪಾಗಿ ಎಳೆಯಬಲ್ಲವು ಎಂದು 2013ರಲ್ಲಿ ತೋರಿಸಿತು. ಮುಂದಿರುವುದು ಭಾರ ತಾಗಿ ನಿಧಾನಿಸಿದಾಗ ಹಿಂದಿನವು ಬಂದು ಸೇರಿಕೊಳ್ಳುತ್ತವೆ, ಹೊರೆ ಹಂಚಿಹೋಗುತ್ತದೆ. ಒಂಟಿಯಾಗಿ ನೋಡಿದರೆ ಕೈನೆಸಿನ್ ಎಂಬ ಇನ್ನೊಂದು ಎಳೆಗಾರನ ಮುಂದೆ ಡೈನೀನ್ ಬಡಕಲು. ಗುಂಪಿನಲ್ಲಿ ಅದೇ ಬಲಶಾಲಿ. ಮಲ್ಲಿಕ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿತು; ಆಮೇಲೆ ಅವರು ಪವಾಯಿಯ ಐಐಟಿಗೆ ಬಂದರು. ಅವರ ಪ್ರಯೋಗ ನಡೆದದ್ದು ಕೋಶ ನುಂಗಿದ ಕಿರುಮಣಿಗಳ ಸಾಗಣೆಯ ಮೇಲೆ, ಮಿಯೋಸಿಸ್ ಮೇಲಲ್ಲ. ಆದರೂ ಇಡೀ ವರ್ಣತಂತುವನ್ನು ಪೊರೆಯ ಆಚೆಯಿಂದ ಎಳೆಯುವ ಕೆಲಸಕ್ಕೆ ಈ ಎಳೆಗಾರನೇ ಯಾಕೆ ನೇಮಕವಾದ ಎಂಬುದನ್ನು ಊಹಿಸಲು ಅದು ನೆರವಾಗುತ್ತದೆ.

ಅಲುಗಾಟ

ತುದಿಗಳು ಮೂಲೆಗೆ ಬಂದು ಸುಮ್ಮನೆ ಕೂರುವುದಿಲ್ಲ. 1994ರಲ್ಲಿ ಜಪಾನಿನ ಚಿಕಾಶಿಗೆ, ಹಿರಾವೊಕ ಮೊದಲಾದವರು ಬದುಕಿರುವ ಸೀಳುವ ಯೀಸ್ಟಿನಲ್ಲಿ ನೋಡಿದಾಗ, ತುದಿಗಳು ಮುಂದಾಗಿ, ಇಡೀ ಕೋಶಕೇಂದ್ರವೇ ಕುದುರೆ ಬಾಲದಂತೆ ಉದ್ದಕ್ಕೆ ಎಳೆದುಕೊಂಡು, ಕೋಶದ ಒಂದು ಕೊನೆಯಿಂದ ಇನ್ನೊಂದಕ್ಕೆ ಗಂಟೆಗಟ್ಟಲೆ ಓಲಾಡುತ್ತಿತ್ತು. ಇಲಿಯಲ್ಲಿ ಇಷ್ಟು ಆರ್ಭಟವಿಲ್ಲ. ತುದಿಗಳು ಪೊರೆಯ ಮೇಲೆ ಸರಿದಾಡುತ್ತವೆ, ಕೋಶಕೇಂದ್ರ ಗಿರಕಿ ಹೊಡೆಯುತ್ತದೆ.

ಇದರಿಂದ ಎರಡು ಲಾಭ. ಒಂದು, ಹೊಸ ಹೊಸ ನೆರೆಯವರು ಎದುರಾಗುತ್ತಲೇ ಇರುತ್ತಾರೆ. ಇನ್ನೊಂದು ನನಗೆ ಹೆಚ್ಚು ಮುಖ್ಯವೆನಿಸುವುದು: ತಪ್ಪು ಜೋಡಿ ಬಿಡಿಸಿಹೋಗುತ್ತದೆ. ಐದನೆಯ ತಂತು ಆರನೆಯದಕ್ಕೆ ಅಲ್ಲಿ ಇಲ್ಲಿ ಅಂಟಿದ್ದರೆ ಆ ಅಂಟು ದುರ್ಬಲ, ಎಳೆತಕ್ಕೆ ಕಿತ್ತು ಬರುತ್ತದೆ. ನಿಜವಾದ ಜೊತೆಗಾರನೊಂದಿಗಾದರೆ ಉದ್ದಕ್ಕೂ ಹಿಡಿತ ಸಿಗುತ್ತದೆ, ಎಳೆತವನ್ನು ತಾಳಿಕೊಳ್ಳುತ್ತದೆ. ಹಾಗಾಗಿ ಪೊರೆ ಯಾರನ್ನೂ ಗುರುತಿಸಬೇಕಾಗಿಲ್ಲ. ಗುರುತಿಸುವ ಕೆಲಸ ಡಿಎನ್‌ಎಯದು: ಕೋಶ ತನ್ನ ಡಿಎನ್‌ಎಯನ್ನು ತಾನೇ ಅಲ್ಲಲ್ಲಿ ಕತ್ತರಿಸುತ್ತದೆ, ಕತ್ತರಿಸಿದ ತುದಿ ಪಕ್ಕದಲ್ಲಿರುವ ಎಳೆಯ ಅಕ್ಷರಗಳಿಗೆ ತನ್ನ ಅಕ್ಷರಗಳನ್ನು ಹೋಲಿಸಿ ನೋಡುತ್ತದೆ, ಹೊಂದಿದರೆ ಅಲ್ಲೇ ದುರಸ್ತಿ ಮಾಡಿಕೊಳ್ಳುತ್ತದೆ. ಅದಲುಬದಲು ನಡೆಯುವುದು ಈ ದುರಸ್ತಿಯಲ್ಲೇ.

ಎಲ್ಲ ಜೀವಿಗಳೂ ಇದೇ ದಾರಿ ಹಿಡಿದಿಲ್ಲ. ಪ್ರಯೋಗಾಲಯದ ಸಿ. ಎಲಿಗನ್ಸ್ ಎಂಬ ದುಂಡುಹುಳುವಿನಲ್ಲಿ ಪ್ರತಿ ತಂತುವಿನ ಒಂದು ಕೊನೆ ಮಾತ್ರ ಪೊರೆಗೆ ಅಂಟುತ್ತದೆ. ಹಣ್ಣಿನ ನೊಣಕ್ಕೆ ಹೂಗುಚ್ಛವೇ ಇಲ್ಲ.

ಅಜ್ಜಿಯ ಏಳನೆಯ ತಿಂಗಳಿಗೂ ಮುಂಚೆ

ಗಂಡಸರಲ್ಲಿ ಈ ಕಟ್ಟುವಿಕೆ ಪ್ರಾಯಕ್ಕೆ ಬಂದಾಗಿನಿಂದ ದಿನಾ ನಡೆಯುತ್ತದೆ. ಬೆಳಿಗ್ಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ನೇತಾಡುತ್ತಾ ಹೋಗುವಾಗಲೂ. ಹೆಂಗಸರಲ್ಲಿ ಲೆಕ್ಕವೇ ಬೇರೆ. ಹೆಣ್ಣುಮಗುವಿನ ಅಂಡಕೋಶಗಳು ಮಿಯೋಸಿಸ್ ಶುರು ಮಾಡುವುದು ಅದು ಇನ್ನೂ ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳಿನದಾಗಿರುವಾಗ. ತುದಿಗಳು ಪೊರೆಗೆ ಅಂಟಿ, ಜೋಡಿ ಕೂಡಿ, ತುಂಡು ಬದಲಾಯಿಸಿ, ಪೊರೆಯನ್ನು ಬಿಟ್ಟ ಮೇಲೆ, ಕೋಶಗಳು ಅಲ್ಲಿಗೇ ನಿಂತುಬಿಡುತ್ತವೆ. ಮುಂದಿನ ಹೆಜ್ಜೆ ಅವಳು ದೊಡ್ಡವಳಾಗಿ ಆಯಾ ತಿಂಗಳ ಅಂಡ ಬಿಡುಗಡೆಯಾಗುವಾಗ. ಹಾಗೆ ದಶಕಗಟ್ಟಲೆ ಕಾದ ಜೋಡಿಗಳ ಹಿಡಿತ ವಯಸ್ಸಾದಂತೆ ಸಡಿಲಾಗುತ್ತದೆ. ತಡವಾದ ಬಸಿರಿನಲ್ಲಿ ಡೌನ್ ಸಿಂಡ್ರೋಮ್‌ನ ಸಾಧ್ಯತೆ ಏರುವುದಕ್ಕೆ ಇದು ಮುಖ್ಯ ಕಾರಣ.

ಅಂದರೆ ನೀವು ಯಾವ ಅಂಡದಿಂದ ಬಂದಿರೋ ಅದರ ವರ್ಣತಂತುಗಳು ಜೋಡಿಯಾದದ್ದು ನಿಮ್ಮ ಅಮ್ಮ ಅಜ್ಜಿಯ ಹೊಟ್ಟೆಯಲ್ಲಿದ್ದಾಗ. ಥಾಣೆ, ಕಲ್ಯಾಣ, ವಾಶಿಗಳಲ್ಲಿ ನೆಲೆನಿಂತ ಕರಾವಳಿಯ ಮನೆಗಳಲ್ಲಿ ಇದಕ್ಕೊಂದು ಮಜವಾದ ತಿರುವು ಬರುತ್ತದೆ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಮೊದಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಹಾಗಾಗಿ ಅಮ್ಮನ ಜನನ ಪತ್ರದಲ್ಲಿ ಉಡುಪಿಯೋ ಪುತ್ತೂರೋ ಇರುತ್ತದೆ. ಆದರೆ ವರ್ಣತಂತುಗಳು ಸೀಮಂತಕ್ಕೆ ಕಾಯುವುದಿಲ್ಲ. ನಿಮ್ಮ ಅರ್ಧಭಾಗದ ಅದಲುಬದಲು ಬಹುಶಃ ಅಜ್ಜಿ ಊರಿನ ಬಸ್ಸು ಹತ್ತುವ ಮುಂಚೆ, ಇಲ್ಲಿನ ಚಾಳಿನ ಕೋಣೆಯಲ್ಲೇ ಮುಗಿದಿತ್ತು.

ಗಂಟು ಬೀಳದಿದ್ದರೆ

ಸನ್-1 ಇಲ್ಲದ ಇಲಿಗಳನ್ನು 2007ರಲ್ಲಿ ಬೆಳೆಸಿ ನೋಡಿದಾಗ ಅವು ತಿಂದುಂಡು ಆರೋಗ್ಯವಾಗಿದ್ದವು. ಗಂಡಿಗೂ ಹೆಣ್ಣಿಗೂ ಮರಿ ಮಾತ್ರ ಆಗಲಿಲ್ಲ. ಕ್ಯಾಶ್-5, ಟರ್ಬ್-1, ಮಾಜಿನ್ ಇಲ್ಲದವುಗಳದ್ದೂ ಅದೇ ಕತೆ. ಜೋಡಿ ಕೂಡದ ಕೋಶವನ್ನು ಮುಂದೆ ಹೋಗಗೊಡದೆ ಕೊಲ್ಲುವ ತಪಾಸಣೆ ಕೋಶದೊಳಗೇ ಇದೆ. ಈಚಿನ ವರ್ಷಗಳಲ್ಲಿ ವೀರ್ಯಾಣುವೇ ಕಾಣದ ಕೆಲವು ಗಂಡಸರಲ್ಲಿ ಇದೇ ಜೀನುಗಳ ದೋಷ ಪತ್ತೆಯಾಗಿದೆ.

ಇಂಥ ದೋಷವನ್ನು ಹಿಡಿಯುವುದು ಕಷ್ಟ. ಮಕ್ಕಳಾಗದೆ ಆಸ್ಪತ್ರೆಗೆ ಹೋದವರಿಗೆ ಕ್ಯಾರಿಯೋಟೈಪ್ ಎಂಬ ವರ್ಣತಂತು ಪರೀಕ್ಷೆ ಬರೆದುಕೊಡುತ್ತಾರೆ. ಅದಕ್ಕೆ ತೆಗೆಯುವುದು ರಕ್ತ. ರಕ್ತದ ಬಿಳಿಕೋಶಗಳು ಮಾಮೂಲಿಯಾಗಿ ಇಬ್ಭಾಗವಾಗುತ್ತವೆ, ಅವಕ್ಕೆ ಜೋಡಿ ಹುಡುಕುವ ಗೊಡವೆಯಿಲ್ಲ, ಮಾಜಿನ್ ಬೇಕಾಗಿಲ್ಲ. 46 ತಂತು, ಎಲ್ಲ ಸರಿ ಎಂದೇ ವರದಿ ಬರುತ್ತದೆ. ಸುಳ್ಳಲ್ಲ, ಕೇಳಿದ ಪ್ರಶ್ನೆಯೇ ಬೇರೆ. ಆ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದಿದರೆ ಮಾತ್ರ ದೋಷ ಸಿಕ್ಕೀತು.

ಈ ದೋಷಗಳು ಕಾಡುವುದು ಸಾಮಾನ್ಯವಾಗಿ ಅಮ್ಮನಿಂದಲೂ ಅಪ್ಪನಿಂದಲೂ ಕೆಟ್ಟ ಪ್ರತಿಯೇ ಬಂದಾಗ. ಒಂದು ಪ್ರತಿ ಚೆನ್ನಾಗಿದ್ದರೆ ಗಂಟು ಬೀಳುತ್ತದೆ, ಸಂಸಾರ ಸಾಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಒಂದೇ ಮನೆತನದ ಇಬ್ಬರಲ್ಲಿ ಒಂದೇ ಕೆಟ್ಟ ಪ್ರತಿ ಅಡಗಿರುವ ಸಾಧ್ಯತೆ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇನ್ನೂ ಇರುವುದರಿಂದ, ತಜ್ಞರು ದಂಪತಿಗಳನ್ನು ಕೂರಿಸಿಕೊಂಡು ಅವರಿಬ್ಬರ ತಂದೆತಾಯಿಗಳು ಒಬ್ಬರಿಗೊಬ್ಬರು ಏನಾಗಬೇಕು, ಮದುವೆಗೆ ಮುಂಚೆ ಯಾವ ಸಂಬಂಧವಿತ್ತು ಎಂದು ಕೇಳುತ್ತಾರೆ. ಗಂಡಸಿನ ಅಣ್ಣತಮ್ಮಂದಿರಿಗೆ ಮಕ್ಕಳಿದ್ದಾರೆಯೇ, ಅಕ್ಕತಂಗಿಯರಲ್ಲಿ ಯಾರಿಗಾದರೂ ಮುಟ್ಟು ಬೇಗ ನಿಂತಿದೆಯೇ ಎಂದೂ ವಿಚಾರಿಸುತ್ತಾರೆ. ಏಕೆಂದರೆ ಪೊರೆಗೆ ತಂತು ಕಟ್ಟುವ ಸಾಮಗ್ರಿ ಗಂಡಿಗೂ ಹೆಣ್ಣಿಗೂ ಒಂದೇ.